ಮೂಲೆ ಅಂಗಡಿಯ ಮೌನಿ

ಅವನಿಗೆ ರೇಡಿಯೋ ಎಂದು ಹೆಸರಿಟ್ಟವರು ಯಾರೋ, ಪಾಪ, ಬಹಳ ದಾಕ್ಷಿಣ್ಯದವರು. ನಿಜವಾದ ರೇಡಿಯೋ ಆದರೆ ಕಿವಿ ಹಿಂಡಿದ ಕೂಡಲೇ ಸುಮ್ಮನಾಗುತ್ತದೆ. ಈ ಮನುಷ್ಯನ ಕಿವಿಯನ್ನು ಮದುವೆಯಾದ ದಿನದಿಂದ ಹೆಂಡತಿ ಹಿಂಡುತ್ತಲೇ ಬಂದಿದ್ದಾಳೆ. ಕಿವಿ ಉದ್ದವಾಯಿತೇ ಹೊರತು ದನಿ ಸಣ್ಣದಾಗಲಿಲ್ಲ.

ಕಸುಬು ಕ್ಷೌರ. ಅಂಗಡಿ ಇದ್ದದ್ದು ಬೀದಿ ಮೊಣಕೈಯಂತೆ ತಿರುಗುವ ಮೂಲೆಯಲ್ಲಿ. ಒಂದು ಕಡೆ ಮೇಲಿನ ಬೀದಿ, ಇನ್ನೊಂದು ಕಡೆ ಕೆಳಗಿನ ಬೀದಿ, ಎರಡರ ನಡುವೆ ಆಕಾಶಕ್ಕೇ ಅಡ್ಡಗಾಲು ಹಾಕಿದಂಥ ಗೋದಾಮು. ಅಂಗಡಿಯೊಳಗೆ ತಿರುಗುವ ಕುರ್ಚಿ ಒಂದು, ಕನ್ನಡಿ ಒಂದು, ಗೋಡೆಗೆ ಒರಗಿದ ಬೆಂಚು ಒಂದು, ಪ್ಲಗ್ಗು ಒಂದೇ ಒಂದು. ಈ ಪ್ಲಗ್ಗನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಅರ್ಧ ಊರು ಇದಕ್ಕೇ ಜೋತುಬೀಳುತ್ತದೆ.

ಅವನ ಅಂಗಡಿಗೆ ಜನ ಬರುತ್ತಿದ್ದದ್ದು ಕೂದಲು ಕತ್ತರಿಸಿಕೊಳ್ಳಲು ಎಂದುಕೊಂಡರೆ ನೀವು ಬಹಳ ಮುಗ್ಧರು. ಬೋಳು ಮೇಷ್ಟ್ರು ದಿನಾ ಬರುತ್ತಿದ್ದರು, ಅವರ ತಲೆಯ ಮೇಲೆ ನೊಣ ಕೂತರೆ ಜಾರಿ ಬೀಳುತ್ತಿತ್ತು. ಎಲ್ಲರಿಗೂ ಬೇಕಿದ್ದದ್ದು ಸುದ್ದಿ. ರೇಡಿಯೋ ಒಂದು ತಲೆಯಿಂದ ಸುದ್ದಿ ಇಳಿಸಿ ಇನ್ನೊಂದು ತಲೆಗೆ ಏರಿಸುತ್ತಿದ್ದ. ಏರಿಸುವಾಗ ತನ್ನ ಕಡೆಯಿಂದ ಒಂದಿಷ್ಟು ಬಾಲ, ಒಂದಿಷ್ಟು ಕೊಂಬು. ಒಮ್ಮೆ ಮೇಷ್ಟ್ರಿಗೆ ನೆಗಡಿ ಬರಲಿದೆ ಎಂದು ಬೆಳಿಗ್ಗೆಯೇ ಸಾರಿಬಿಟ್ಟ. ಅವರು ಮೊದಲ ಸೀನು ಸೀನುವ ಹೊತ್ತಿಗೆ ಮೂರು ಮನೆಯಿಂದ ಮಾತ್ರೆ ಬಂದು ಕೂತಿತ್ತಂತೆ.

ಇಂಥ ಅಂಗಡಿ ಒಂದು ಸಲ ಇದ್ದಕ್ಕಿದ್ದಂತೆ ಬಿಕೋ ಎನ್ನತೊಡಗಿತು.

ಕಾರಣ ಬೀದಿನೆಟ್ಟು. ಮೊದಲು ಎಲ್ಲರ ಫೋನೂ ದೊಡ್ಡ ಕಂಪನಿಯ ಕೈಯಲ್ಲಿತ್ತು. ಕಂಪನಿಯ ಕಿವಿ ಎಷ್ಟು ಚುರುಕೆಂದರೆ, ಅಜ್ಜಿಯೊಬ್ಬಳು ಮಗಳಿಗೆ ಮಂಡಿನೋವು ಎಂದು ಹೇಳಿ ಫೋನ್ ಇಡುವಷ್ಟರಲ್ಲಿ ಮಂಡಿಗೆ ಹಚ್ಚುವ ಎಣ್ಣೆಯ ಜಾಹೀರಾತು ಬಂದು ನಮಸ್ಕಾರ ಮಾಡುತ್ತಿತ್ತು. ಜನಕ್ಕೆ ಸಾಕಾಗಿ, ತಾವೇ ಒಂದು ನೆಟ್ಟು ಹೆಣೆದುಕೊಂಡರು. ಕಿಟಕಿಗೊಂದು ಡಬ್ಬಿ, ಈ ಡಬ್ಬಿ ಆ ಡಬ್ಬಿಗೆ, ಆ ಡಬ್ಬಿ ಮುಂದಿನ ಡಬ್ಬಿಗೆ ಗಾಳಿಯಲ್ಲೇ ಮಾತು ದಾಟಿಸುವುದು. ಒಡೆಯನಿಲ್ಲ, ಆಫೀಸಿಲ್ಲ, ಬಿಲ್ಲಿಲ್ಲ. ಒಳಗೆ ಬರುವವರು ಒಂದು ಸುಳ್ಳು ಹೆಸರು ಇಟ್ಟುಕೊಂಡು ಬರಬೇಕು. ಯಾರು ಯಾರೆಂದು ಕೇಳುವಂತಿಲ್ಲ. ಗೊತ್ತಾದರೂ ಗೊತ್ತಿಲ್ಲದವರ ಹಾಗೆ ಇರಬೇಕು. ಕಂಪನಿಯ ಕಿವಿ ತಪ್ಪಿಸಲು ಹೆಣೆದದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಮೂಲೆ ಅಂಗಡಿಯ ಬಾಯಿ ತಪ್ಪಿಸಲು ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮರ್ಯಾದಸ್ಥರು.

ಈಗ ಗಿರಾಕಿಗಳು ಕೂದಲು ಕಿವಿ ದಾಟಿದ ಮೇಲೆಯೇ ಬರುತ್ತಿದ್ದರು. ಬಂದರೂ ಫೋನ್ ನೋಡಿಕೊಂಡು ತಮ್ಮಷ್ಟಕ್ಕೆ ನಗುತ್ತಿದ್ದರು. "ಸ್ವಲ್ಪ ಕುತ್ತಿಗೆ ಬಗ್ಗಿಸಿ" ಎನ್ನುವ ಕೆಲಸವೇ ತಪ್ಪಿತು. ಎಲ್ಲರೂ ಮನೆಯಿಂದಲೇ ಬಗ್ಗಿಸಿಕೊಂಡು ಬರುತ್ತಿದ್ದರು.

ಹೆಂಡತಿ ಹಿಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅಲ್ಲಿ ಬೆಳಕು ಕಡಿಮೆ, ಕೆಲಸ ಜಾಸ್ತಿ. ಇಲ್ಲಿ ಬೆಳಕು ಜಾಸ್ತಿ, ಕೆಲಸ ಸೊನ್ನೆ. ಒಂದು ದಿನ ಅವಳು ಬಾಗಿಲಲ್ಲಿ ನಿಂತು ಖಾಲಿ ಕುರ್ಚಿಯನ್ನು ಅಳತೆ ತೆಗೆಯುವವಳಂತೆ ನೋಡಿದಳು.

"ರೀ, ತಿಂಗಳು ಮುಗಿಯೋದ್ರೊಳಗೆ ಈ ಕುರ್ಚಿ ತುಂಬಿದ್ರೆ ಸರಿ. ಇಲ್ಲಾಂದ್ರೆ ಅದನ್ನ ಹೊರಗೆ ಹಾಕಿ ನನ್ನ ಮಿಷನ್ ಇಲ್ಲಿ ಇಡ್ತೀನಿ."

"ನಾನೇನು ಮಾಡ್ಲಿ?"

"ಪಕ್ಕದಲ್ಲಿ ಕೂತು ಗುಂಡಿ ಹೊಲೀರಿ. ಗುಂಡಿಗಳಿಗೆ ಕಣ್ಣಿರುತ್ತೆ, ಕಿವಿ ಇರಲ್ಲ. ಎಷ್ಟು ಬೇಕಾದ್ರೂ ಮಾತಾಡಬಹುದು."

ಕತ್ತರಿ ಹಿಡಿದ ಕೈಗೆ ಸೂಜಿ! ರೇಡಿಯೋಗೆ ಅವತ್ತು ಊಟ ಸೇರಲಿಲ್ಲ. ಎರಡನೇ ಸಲ ಬಡಿಸಿಕೊಂಡದ್ದು ಬರೀ ಹೆಂಡತಿಯ ಸಮಾಧಾನಕ್ಕೆ.

ಮಾರನೇ ದಿನವೇ ಗಡಿಯಾರ ರಿಪೇರಿಯವರು ಅಂಗಡಿಗೆ ಬಂದರು. ವಯಸ್ಸಾದವರು, ಮೆತ್ತಗಿನ ಮಾತು. ಬೀದಿಯ ಗಡಿಯಾರದ ಮುಳ್ಳುಗಳೆಲ್ಲ ಅವರ ಮಾತು ಕೇಳುತ್ತಿದ್ದವು. ಗಡ್ಡ ಮಾಡಿಸಿಕೊಂಡು, ಬಿಳಿ ಬಟ್ಟೆ ಕೊಡವಿ, ಚೀಲದಿಂದ ಒಂದು ಡಬ್ಬಿ ತೆಗೆದು ಕನ್ನಡಿಯ ಮುಂದೆ ಇಟ್ಟರು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು, ಮೇಲೆರಡು ಕೊಂಬು, ಮುಂದೊಂದು ಹಸಿರು ದೀಪ.

"ನೋಡಪ್ಪ, ಈ ಡಬ್ಬಿಗಳು ಒಂದರ ಮುಖ ಒಂದು ನೋಡ್ಬೇಕು. ಮೇಲಿನ ಬೀದೀನೂ ಕೆಳಗಿನ ಬೀದೀನೂ ಎರಡೂ ಕಾಣೋದು ಇನ್ನು ನಿನ್ನ ಕಿಟಕಿಯಿಂದ ಮಾತ್ರ. ಇಷ್ಟು ದಿನ ಡಬ್ಬಿ ಬೇರೆ ಕಡೆ ಇತ್ತು, ಆ ಜಾಗ ಈಗ ಹೋಯ್ತು. ಎಲ್ಲಿ ಅಂತ ಕೇಳಬೇಡ."

"ಎದುರು ಮಹಡಿಯವರು ತಾನೆ? ಮನೆ ಖಾಲಿ ಮಾಡ್ತಾ ಇರೋರು?"

ಗಡಿಯಾರದವರಿಗೆ ಕೆಮ್ಮು ಬಂತು. ಕೆಮ್ಮು ಮುಗಿದ ಮೇಲೆ, "ಇದು ನಿನ್ನ ಹತ್ರ ಇದೆ ಅಂತ ಯಾರಿಗೂ ಹೇಳಬಾರದು," ಎಂದರು. ಹೇಳುವಾಗ ಅವರ ಮುಖದಲ್ಲಿ, ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಟ್ಟು ಕಾಯಲು ಹೇಳುವವರ ದುಃಖ ಇತ್ತು. ಗಡಿಯಾರದವರ ತಲೆಯೊಳಗೇ ಇದರ ಬಗ್ಗೆ ವಾರಗಟ್ಟಲೆ ವಾದ ನಡೆದಿತ್ತೆಂದು ರೇಡಿಯೋಗೆ ಆಮೇಲೆ ತಿಳಿಯಿತು. ಕಿಟಕಿ ಒಳ್ಳೇದು, ಕಿಟಕಿಯ ಯಜಮಾನ ಹೀಗೆ. ಯಜಮಾನನಿಲ್ಲದ ಕಿಟಕಿ ಸಿಗುವುದಿಲ್ಲವಲ್ಲ, ಏನು ಮಾಡುವುದು?

ರೇಡಿಯೋ ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿದ್ದ. "ಅಂದ್ರೆ ಯಜಮಾನ್ರೇ, ಎರಡೂ ಬೀದಿಯ ಮಾತು ಇದರೊಳಗೇ ಹೋಗುತ್ತಾ?"

"ಅಲ್ಲಿಂದಿಲ್ಲಿಗೆ ದಾಟೋದೆಲ್ಲಾ."

"ಎಲ್ಲಾನೂ?"

"ಎಲ್ಲಾನೂ."

"ಇಡಿ," ಎಂದ. ಗಡ್ಡದ ದುಡ್ಡು ಕೂಡ ಬೇಡವೆಂದ. ಅವನ ಜೀವಮಾನದಲ್ಲಿ ಅದೇ ಮೊದಲು.

"ಒಂದು ಹೆಸರು ಇಟ್ಕೋ. ನಿಜವಾದ್ದು ಬೇಡ."

ರೇಡಿಯೋ ಸೂರು ನೋಡಿ ಯೋಚಿಸಿದ. ಯಾರಿಗೂ ಅನುಮಾನ ಬರಬಾರದು, ಹೆತ್ತ ತಾಯಿಗೂ ಗುರುತು ಸಿಗಬಾರದು. ಹೊಳೆದೇ ಬಿಟ್ಟಿತು. "ಸಿಕ್ತು ಯಜಮಾನ್ರೇ! ನನ್ನ ಹೆಸರು..."

ಗಡಿಯಾರದವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಬಾಗಿಲ ಕಡೆ ಓಡಿದರು. "ನಂಗೆ ಹೇಳಬೇಡ ಮಾರಾಯ! ನಂಗೆ ಯಾಕೆ ಹೇಳ್ತೀಯಾ?"

ಹೀಗೆ ರೇಡಿಯೋ ಡಬ್ಬಿಯನ್ನು ಕನ್ನಡಿಯ ಪಕ್ಕದ ಕಿಟಕಿಯಲ್ಲಿ ಪೌಡರ್ ಡಬ್ಬಗಳ ಮರೆಗೆ ಸರಿಸಿ, ತಾನೇ ಹೆಬ್ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿ ಬೀದಿನೆಟ್ಟಿಗೆ ಸೇರಿದ. ಇಟ್ಟುಕೊಂಡ ಹೆಸರು ಮೌನಿ.

ಸೇರಿದ ಮೇಲೆ ಗೊತ್ತಾದದ್ದು ಏನೆಂದರೆ, ಡಬ್ಬಿಯೊಳಗೆ ಹೋಗುವ ಮಾತೆಲ್ಲ ಬೀಗ ಹಾಕಿಕೊಂಡೇ ಹೋಗುತ್ತದೆ. ಬೀಗದ ಕೈ ಕಳಿಸಿದವರ ಹತ್ತಿರ ಒಂದು, ತಲುಪುವವರ ಹತ್ತಿರ ಒಂದು. ನಡುವೆ ಹೊತ್ತು ಹಾಕುವವನಿಗೆ ಹೊರುವ ಪುಣ್ಯ ಮಾತ್ರ. ಎಲ್ಲರೂ ಕೂಡಿ ಹರಟುವ ಒಂದು ಜಗಲಿ ಇತ್ತು ನಿಜ. ಅಲ್ಲಿ ಹಳೇ ಚಪ್ಪಲಿ, ಅರ್ಧ ನಿಂಬೆಹಣ್ಣು, ತುಕ್ಕು ಕೊಡಲಿ ಎಂಬಂಥ ಮಹನೀಯರು ಹವೆಯ ಬಗ್ಗೆ, ಸೊಳ್ಳೆಯ ಬಗ್ಗೆ ಮಾತಾಡುತ್ತಿದ್ದರು. ಅಸಲಿ ಸುದ್ದಿ, ಯಾರ ಮನೆಯಲ್ಲಿ ಯಾರು ಯಾರಿಗೆ ಏನಂದರು ಎಂಬ ಸುದ್ದಿ, ಬೀಗದೊಳಗೆ. ಊರಿನ ಸುದ್ದಿಯೆಲ್ಲ ಅವನ ಮೂಗಿನ ಕೆಳಗೇ ಹಾದು ಹೋಗುತ್ತಿದೆ, ನಾಲಿಗೆಗೆ ಒಂದು ಹನಿ ಇಲ್ಲ!

ಅವನು ದೀಪ ನೋಡಿಕೊಂಡು ಕೂತ. ದೀಪ ಪಟಪಟ ಮಿಣುಕಿದರೆ ಜಗಳ, ನಿಧಾನ ಮಿಣುಕಿದರೆ ಪ್ರೀತಿ, ಮಿಣುಕದೇ ನಿಂತರೆ ಅತ್ತೆ ಬಂದಿದ್ದಾಳೆ ಎಂದು ತನ್ನದೇ ಶಾಸ್ತ್ರ ಕಟ್ಟಿದ. ಒಂದು ದಿನ ದೀಪ ಬೆಳಗಿನಿಂದ ಸಂಜೆಯವರೆಗೆ ಉಸಿರು ಬಿಡದೆ ಮಿಣುಕಿತು. ಬೇಕರಿ ಅಕ್ಕನ ಮನೆಯಲ್ಲಿ ಭಾರೀ ರಾಮಾಯಣವೆಂದು ರೇಡಿಯೋ ಅವಳನ್ನು ವಿಚಾರಿಸಲು ಹೋದ. "ರಾಮಾಯಣಾನೂ ಇಲ್ಲ ಏನೂ ಇಲ್ಲ ಅಣ್ಣ, ಬೆಳಗ್ಗೆಯಿಂದ ನಿದ್ದೆ ಹೊಡೀತಾ ಇದ್ದೆ," ಎಂದು ಅವಳು ಆಕಳಿಸಿದಳು. ಆಮೇಲೆ ಜಗಲಿಯಲ್ಲಿ ಓದಿದ: ಅವತ್ತು ಡಬ್ಬಿಗಳೆಲ್ಲ ತಮ್ಮನ್ನು ತಾವೇ ಸರಿಮಾಡಿಕೊಳ್ಳುತ್ತಿದ್ದವಂತೆ. ಮನುಷ್ಯರ ಮಾತು ಒಂದೂ ಇರಲಿಲ್ಲವಂತೆ.

ಅಷ್ಟರಲ್ಲಿ ತಿಂಗಳು ತೀರುತ್ತ ಬಂತು. ಹೆಂಡತಿ ಟೇಪು ತಂದು ಮಿಷನ್ನಿಗೆ ಜಾಗ ಅಳೆದುಕೊಂಡು ಹೋದಳು.

ಆ ಮಧ್ಯಾಹ್ನ ಬೋಳು ಮೇಷ್ಟ್ರು ಬಂದರು. ತಲೆಯಲ್ಲಿ ಬೆಳೆಯಲಾರದ ಕೂದಲೆಲ್ಲ ಕಿವಿಯಲ್ಲಿ ಬೆಳೆದು ಪೊದೆಯಾಗಿತ್ತು. ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮುಳುಗಿದರು. ಕಿವಿಯ ಪೊದೆಗೆ ಟ್ರಿಮ್ಮರ್ ಬೇಕು, ಟ್ರಿಮ್ಮರಿಗೆ ಪ್ಲಗ್ಗು ಬೇಕು, ಇರುವುದೊಂದೇ ಪ್ಲಗ್ಗು. ರೇಡಿಯೋ ಡಬ್ಬಿಯ ಪಿನ್ನು ಕಿತ್ತು ಟ್ರಿಮ್ಮರಿನ ಪಿನ್ನು ಚುಚ್ಚಿದ.

"ಅಯ್ಯಯ್ಯೋ!" ಎಂದರು ಮೇಷ್ಟ್ರು.

"ಇನ್ನೂ ಮುಟ್ಟೇ ಇಲ್ಲ ಮೇಷ್ಟ್ರೇ."

"ನಿನ್ನದಲ್ಲವೋ. ಏನೋ ನೆನಪಾಯ್ತು." ಫೋನನ್ನು ಅಲುಗಾಡಿಸಿದರು, ಉಜ್ಜಿದರು, ಊದಿದರು. ಬೀದಿನೆಟ್ಟಿನಲ್ಲಿದ್ದೇನೆಂದು ಬಾಯಿಬಿಡುವ ಹಾಗಿಲ್ಲ, ಕೆಳಗಿನ ಬೀದಿಯ ಯಾರದೋ ಮಾತು ಅರ್ಧಕ್ಕೇ ನಿಂತಿದೆಯೆಂದು ಅಳುವ ಹಾಗೂ ಇಲ್ಲ.

ಒಂದು ಕಿವಿ ಮುಗಿಯುವುದರೊಳಗೆ ಬೇಕರಿ ಅಕ್ಕ ಬಂದಳು. ಅವಳು ಅದುವರೆಗೆ ಈ ಅಂಗಡಿಗೆ ಕಾಲಿಟ್ಟದ್ದೇ ಇರಲಿಲ್ಲ. "ಸುಮ್ನೆ ಬಂದೆ ಅಣ್ಣ. ಎಲ್ಲಾ ಆರಾಮಾ? ಕೆಳಗಿನ ಬೀದೀಲಿ ಏನಾದ್ರೂ... ಹಂಗೇ ಕೇಳ್ದೆ." ಅವಳ ಹಿಂದೆ ನೀರಿನ ಕೊಳಾಯಿ ರಿಪೇರಿಯವನು, ಅವನ ಹಿಂದೆ ನಿನ್ನೆಯಷ್ಟೇ ಕಟಿಂಗ್ ಮಾಡಿಸಿಕೊಂಡು ಹೋದವನು. ಮೇಲಿನ ಬೀದಿಯವರಿಗೆ ಕೆಳಗಿನವರು ಏನಾದರೋ ಎಂಬ ಚಿಂತೆ, ಕೆಳಗಿನವರಿಗೆ ಮೇಲಿನವರದ್ದು. ಎರಡು ಕಡೆಯವರೂ ಸಿಗುವುದು ಮೂಲೆಯಲ್ಲಿ. ಮೂಲೆಯಲ್ಲಿರುವುದು ಅಂಗಡಿ. ಬಂದವರು ಬರೀ ಕೈಯಲ್ಲಿ ನಿಲ್ಲಲು ನಾಚಿ ಕುರ್ಚಿಗೆ ಸಾಲು ಹಚ್ಚಿದರು. ಅರ್ಧ ಬಿಟ್ಟ ಮಾತುಗಳೆಲ್ಲ ಬೆಂಚಿನ ಮೇಲೆ ಬಂದು ಬಿದ್ದವು: "ಹಿಂಗಾಯ್ತಂತೆ", "ಯಾರೋ ಹೇಳ್ತಿದ್ರು", "ನಂಗೆ ಗೊತ್ತಿಲ್ಲಪ್ಪ, ಆದ್ರೆ ಅವಳು ಅವನಿಗೆ..."

ರೇಡಿಯೋ ಕೆಳಗೆ ನೋಡಿದ. ಡಬ್ಬಿಯ ಪಿನ್ನು ಸತ್ತ ಹಾವಿನ ಹಾಗೆ ಅವನ ಚಪ್ಪಲಿಯ ಪಕ್ಕದಲ್ಲಿ ಬಿದ್ದಿತ್ತು. ಅವನು ಅದನ್ನು ಮೆಲ್ಲಗೆ ಕಾಲಿನಿಂದ ಕುರ್ಚಿಯಡಿ ತಳ್ಳಿದ.

ಅಲ್ಲಿಂದ ಮುಂದೆ ಅವನ ವೈಭವ ಏನು ಹೇಳೋಣ! ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪಿನ್ನು ಕೀಳುವುದು. ಕಿತ್ತ ಮೇಲೆ ಬಾಗಿಲಲ್ಲಿ ನಿಂತು ಮೀನುಗಾರನ ಹಾಗೆ ಕಾಯುವುದು. ನೆಟ್ಟು ಯಾಕೆ ಸತ್ತಿತು ಎಂಬುದಕ್ಕೆ ದಿನಕ್ಕೊಂದು ಕಾರಣ ಅವನ ಹತ್ತಿರ ತಯಾರಿರುತ್ತಿತ್ತು. "ಅದೇನೋ ನೆಟ್ಟಂತಲ್ಲ, ನಂಗೇನು ಗೊತ್ತು, ಯಾರೋ ಹೇಳಿದ್ದು," ಎಂದೇ ಶುರು. ಒಂದು ದಿನ ಕಾಗೆಗಳು ಮಾತನ್ನು ಗಾಳಿಯಲ್ಲೇ ಹಿಡಿದು ಮರಿಗಳಿಗೆ ತಿನ್ನಿಸುತ್ತಿವೆ. ಇನ್ನೊಂದು ದಿನ ಗೋದಾಮಿನ ತಗಡು ಬಿಸಿಲಿಗೆ ಹಿಗ್ಗಿ ಮಾತೆಲ್ಲ ಅಂಟಿಕೊಂಡಿದೆ. ತಂಪಾದ ಮೇಲೆ ಕಿತ್ತುಕೊಳ್ಳಬೇಕು. ಅದು ಸುಳ್ಳೆನ್ನಲು ನೆಟ್ಟಿನ ವಿಷಯ ಗೊತ್ತಿರಬೇಕು. ಗೊತ್ತಿದೆಯೆಂದು ಒಪ್ಪಿಕೊಳ್ಳುವ ಹಾಗಿಲ್ಲ. ಎಲ್ಲರೂ ಮುಖ ಗಂಟು ಹಾಕಿ ತಲೆದೂಗಿದರು. ಹೆಂಡತಿ ಟೇಪನ್ನು ಸುತ್ತಿ ಡಬ್ಬದಲ್ಲಿಟ್ಟಳು. ಗಡಿಯಾರದವರು ಮಾತ್ರ ಬಂದಾಗಲೆಲ್ಲ ಕುರ್ಚಿಯಡಿ ನೋಡುತ್ತಿದ್ದರು, ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಗೊತ್ತಿದ್ದರೂ ಗೊತ್ತಿಲ್ಲ ಎಂಬ ನಿಯಮ ಮಾಡಿದವರಲ್ಲಿ ಅವರೂ ಒಬ್ಬರಲ್ಲವೇ, ಅನುಭವಿಸಲಿ.

ಇನ್ನು ಬೀದಿನೆಟ್ಟಿನವರು ಏನು ಮಾಡಿದರು? ಬೇರೆ ಯಾರಾದರೂ ಆಗಿದ್ದರೆ ಮೂಲೆ ಡಬ್ಬಿಯವನನ್ನು ಹುಡುಕಿ ನಾಲ್ಕು ಬಾರಿಸುತ್ತಿದ್ದರು. ಇವರು ಹುಡುಕುವ ಹಾಗಿಲ್ಲ. ಅದಕ್ಕೆ ಬದಲು ಜಗಲಿಯಲ್ಲಿ ಕೂತು ಮರುಗಿದರು. ಮೌನಿ ಎಲ್ಲವನ್ನೂ ಓದಿದ.

"ಮೂಲೆ ಡಬ್ಬಿ ಇಟ್ಕೊಂಡಿರೋರನ್ನ ಬೈಬೇಡಿ," ಎಂದು ಹಳೇ ಚಪ್ಪಲಿ ಬರೆದಿತ್ತು. "ಪಾಪ, ಬಡವರಿರಬೇಕು. ಮನೇಲಿ ಪ್ಲಗ್ಗೇ ಒಂದಿರಬಹುದು."

"ನಮಗೋಸ್ಕರ ಕತ್ತಲೇಲಿ ಕೂರ್ತಾರೋ ಏನೋ," ಎಂದಿತು ಅರ್ಧ ನಿಂಬೆಹಣ್ಣು.

"ಕಣ್ಣಲ್ಲಿ ನೀರು ಬಂತು," ಎಂದಿತು ತುಕ್ಕು ಕೊಡಲಿ.

ಮೂರನೇ ದಿನ ಅಂಗಡಿಯ ಮೆಟ್ಟಿಲ ಮೇಲೆ ಒಂದು ಪೊಟ್ಟಣ. ದಾರ ಕಟ್ಟಿದ್ದರು, ಮೇಲೆ 'ಮೂಲೆ ಡಬ್ಬಿಗೆ' ಎಂದಷ್ಟೇ ಬರೆದಿದ್ದರು. ಬೀದಿನೆಟ್ಟಿನವರ ಪದ್ಧತಿಯೇ ಹಾಗಂತೆ: ಪ್ರತಿ ಡಬ್ಬಿಯವರಿಗೂ ಪಕ್ಕದ ಡಬ್ಬಿಯವರು ಮಾತ್ರ ಗೊತ್ತು. ಕೊಟ್ಟವರು ಪಕ್ಕದವರ ಕೈಗಿಟ್ಟರು, ಪಕ್ಕದವರು ಬಿಚ್ಚದೆ ಮುಂದಿನವರ ಕೈಗೆ, ಅವರು ಮತ್ತೊಬ್ಬರಿಗೆ. ಮಾತು ಹೋಗುವ ದಾರಿಯಲ್ಲೇ ಪೊಟ್ಟಣವೂ ನಡೆದು ಬಂದಿತ್ತು. ಒಳಗೆ ಎಕ್ಸ್‌ಟೆನ್ಶನ್ ಬೋರ್ಡು.

ರೇಡಿಯೋ ಅದನ್ನು ಬಚ್ಚಿಟ್ಟ. ಮರುದಿನ ಇನ್ನೊಂದು ಬಂತು. ಆಮೇಲೆ ಒಂದು ಸುರುಳಿ ವೈರು. ಆಮೇಲೆ ಮತ್ತೂ ಎರಡು ಬೋರ್ಡು, ಒಂದು ಟಾರ್ಚು, ಯಾರದೋ ಕೈಯಲ್ಲಿ ಹೆಣೆದ ಡಬ್ಬಿಯ ಹೊದಿಕೆ. ಬಾಚಣಿಗೆ ಇಡುವ ಕಪಾಟಿನಲ್ಲಿ ಬಾಚಣಿಗೆಗೆ ಜಾಗವಿಲ್ಲದಂತಾಯಿತು.

"ರೀ, ಇಷ್ಟೊಂದು ಬೋರ್ಡಿದೆ," ಎಂದಳು ಹೆಂಡತಿ. "ಆದ್ರೂ ಯಾಕೆ ಆ ಒಂದು ಪ್ಲಗ್ಗಿನ ಹತ್ರ ಕಿತ್ತಾಡ್ತೀರಾ?"

"ನಿಂಗೆ ಗೊತ್ತಾಗಲ್ಲ ಸುಮ್ನಿರೆ. ಅದು ಕರೆಂಟಿನ ವಿಷಯ."

"ಕರೆಂಟಿನ ವಿಷಯಾನೋ, ಕಟಿಂಗ್ ವಿಷಯಾನೋ?"

ಕೊನೆಗೆ ಭಾರವಾದ ಪೊಟ್ಟಣ ಒಂದು ಬಂತು. ಅದರ ಹಿಂದೆಯೇ ಗಡಿಯಾರದವರು ಬಂದರು. "ಏನೋ ಪೊಟ್ಟಣ ಬಂದಿರೋದು ನಂಗೆ ಗೊತ್ತಿಲ್ಲ," ಎಂದು ಹೇಳುತ್ತಲೇ ಸ್ಕ್ರೂಡ್ರೈವರ್ ತೆಗೆದರು. "ಒಳಗಿರೋ ಬ್ಯಾಟರೀನ ಹೇಗೆ ಜೋಡಿಸ್ಬೇಕು ಅನ್ನೋದೂ ಗೊತ್ತಿಲ್ಲ." ಗೊತ್ತಿಲ್ಲದ ಕೆಲಸವನ್ನು ಚಕಚಕ ಮುಗಿಸಿ, ಡಬ್ಬಿಯ ಬೆನ್ನಿಗೆ ಬ್ಯಾಟರಿ ಕಟ್ಟಿ, ಕುರ್ಚಿಯಡಿ ಕೊನೆಯ ಸಲ ಒಮ್ಮೆ ನೋಡಿ ಹೊರಟುಹೋದರು.

ಸಂಜೆ ರೇಡಿಯೋ ಎಂದಿನಂತೆ ಪಿನ್ನು ಕಿತ್ತ. ಬಾಗಿಲಲ್ಲಿ ನಿಂತ. ಯಾರೂ ಬರಲಿಲ್ಲ. ತಿರುಗಿ ನೋಡಿದರೆ ಪಿನ್ನು ನೆಲದ ಮೇಲಿದೆ, ದೀಪ ಮಾತ್ರ ಹಾಯಾಗಿ ಮಿಣುಕುತ್ತಿದೆ!

ಬ್ಯಾಟರಿಯ ವೈರು ಕೀಳುವುದೇನು ದೊಡ್ಡ ವಿದ್ಯೆಯಲ್ಲ. ಕೈ ಹಾಕಿದ. ಬ್ಯಾಟರಿಯ ಮೇಲೆ ಯಾರೋ ಕಾಗದದ ತುಂಡು ಅಂಟಿಸಿದ್ದರು: 'ನಮ್ಮಿಂದ ನಿಮಗೆ ತುಂಬಾ ತೊಂದರೆ ಆಯ್ತು. ಮನಸ್ಸಿನಲ್ಲಿ ಇಟ್ಕೋಬೇಡಿ.'

ಬೈದಿದ್ದರೆ ಕಿತ್ತೇಬಿಡುತ್ತಿದ್ದ. ಬೈಗುಳಕ್ಕೆ ಅವನ ಹತ್ತಿರ ಉತ್ತರ ಮೂಟೆಗಟ್ಟಲೆ ಇತ್ತು. ಇದನ್ನು ಎರಡು ಸಲ ಓದಿದ. ಕೈ ಹಿಂದೆ ತೆಗೆದು, ಹೋದ ಕೈ ಬರಿದೇ ಬರಬಾರದೆಂದು ಡಬ್ಬಿಯ ಮೇಲಿನ ಧೂಳು ಒರೆಸಿದ.

ತಿಂಗಳು ಮುಗಿಯಿತು. ಕುರ್ಚಿ ಮೂಲೆಗೆ ಸರಿಯಿತು, ಹೊಲಿಗೆ ಮಿಷನ್ನು ಕನ್ನಡಿಯ ಮುಂದೆ ಬಂದು ಕೂತಿತು. ಕುರ್ಚಿಯನ್ನು ಹೊರಗೆ ಹಾಕಲು ಮಾತ್ರ ಹೆಂಡತಿ ಇನ್ನೊಂದು ವಾರ ಗಡುವು ಕೊಟ್ಟಳು. ರೇಡಿಯೋ ಮಣೆಯ ಮೇಲೆ ಕೂತು ಗುಂಡಿ ಹೊಲಿದ. ಗುಂಡಿಗಳಿಗೆ ಕಥೆ ಹೇಳಿ ನೋಡಿದ. ಹೆಂಡತಿ ಹೇಳಿದ್ದು ನಿಜ, ಕಣ್ಣು ಬಿಟ್ಟುಕೊಂಡು ನೋಡುತ್ತವೆ ಅಷ್ಟೆ, ಒಂದಾದರೂ 'ಹೂಂ' ಎನ್ನುವುದಿಲ್ಲ.

ಬಾಯಿ ನವೆ ತಡೆಯಲಾರದೆ ಒಂದು ಮಧ್ಯಾಹ್ನ ಫೋನ್ ತೆಗೆದ. ಜಗಲಿಯಲ್ಲಿ ಯಾರೋ ಕೇಳುತ್ತಿದ್ದರು, "ಮೂಲೆ ಡಬ್ಬಿ ಈಗ ಸರಿಹೋಯ್ತಲ್ಲ, ಅದಕ್ಕೆ ಆಗಿದ್ದಾದ್ರೂ ಏನು?" ಇಷ್ಟು ದಿನ ಒಂದಕ್ಷರ ಬರೆಯದಿದ್ದ ಮೌನಿ ಒತ್ತತೊಡಗಿದ. ಅವನ ಶಾಲೆ ಅಂಕಿ ಮಗ್ಗಿಗೇ ಮುಗಿದಿತ್ತು. ಒಂದೊಂದು ಅಕ್ಷರ ಹುಡುಕುವಷ್ಟರಲ್ಲಿ ಒಂದು ಗಡ್ಡ ಕೆರೆಯಬಹುದು. ಬಾಯಲ್ಲಾದರೆ ಅರ್ಧ ದಿನ ಎಳೆಯುತ್ತಿದ್ದ ಕಥೆ, ಹೆಬ್ಬೆರಳಿನ ನೋವಿಗೆ ಹೆದರಿ ಅಂಗೈಯಗಲಕ್ಕೆ ಕುಗ್ಗಿತು.

'ಡಬ್ಬಿ ಒಳಗೆ ಇಲಿ ಸಂಸಾರ ಇತ್ತು. ಗಂಡ ಇಲಿ ಸಾಧು. ಹೆಂಡ್ತಿ ಇಲಿ ಹೊಲಿಗೆ ಕೆಲಸದ್ದು, ದಿನಾ ಗಂಡನ ಕಿವಿ ಹಿಂಡೋದು. ದಾರ ಮುಗಿದಾಗೆಲ್ಲ ವೈರು ಕಚ್ಚಿ ನಿಮ್ಮ ಮಾತು ಎಳ್ಕೊಂಡು ಮರಿಗಳಿಗೆ ಹಾಸಿಗೆ ಹೊಲಿಯೋದು. ಮರಿಗಳು ಮಲಗಿದ್ದೇ ನಿಮ್ಮ ಜಗಳದ ಮೇಲೆ. ಕಣ್ಣು ಬಿಡೋ ಮೊದ್ಲೇ ಬಾಯಿ ಬಿಟ್ವು. ಮೊದಲ್ನೇ ಮಾತೇ, "ಮೊದ್ಲು ಶುರು ಮಾಡಿದ್ದು ನೀನು."'

ಜಗಲಿಯವರು ಓದಿದರು. ಆಮೇಲೆ ನಗು ಶುರುವಾಯಿತು ನೋಡಿ! ಹಳೇ ಚಪ್ಪಲಿ ಹರಿಯುವಷ್ಟು ನಕ್ಕಿತು. ತುಕ್ಕು ಕೊಡಲಿಗೆ ತುಕ್ಕೇ ಬಿಟ್ಟಿತು. "ಆಮೇಲೆ ಆ ಇಲಿಗಳೇನಾದ್ವು ಮೌನಿಯವ್ರೇ?" ಎಂದರು. ಮೌನಿಯವರು! ಹುಟ್ಟಿದಂದಿನಿಂದ ಅವನಿಗೆ ಯಾರೂ 'ಅವರು' ಹಚ್ಚಿ ಕರೆದಿರಲಿಲ್ಲ. ಮರುದಿನ ಇನ್ನೊಂದು ಬರೆದ, ಅದರ ಮರುದಿನ ಮತ್ತೊಂದು.

ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಬೋಳು ಮೇಷ್ಟ್ರು ಅಂಗಡಿಗೆ ಓಡೋಡಿ ಬಂದು ಮೂಲೆಯ ಕುರ್ಚಿಯಲ್ಲೇ ಕುಕ್ಕರಿಸಿದರು. "ಲೋ ರೇಡಿಯೋ, ಒಂದು ಕಥೆ ಕೇಳಿದೆ. ಎಲ್ಲಿ ಕೇಳಿದೆ ಅಂತ ಕೇಳಬೇಡ. ಒಂದು ಡಬ್ಬಿ ಒಳಗೆ ಬೆಕ್ಕಿನ ಸಂಸಾರ..."

"ಇಲಿ," ಎಂದುಬಿಟ್ಟ ರೇಡಿಯೋ.

"ಬೆಕ್ಕು ಕಣೋ! ಕೇಳಿದ್ದು ನೀನೋ ನಾನೋ?"

ಒಳ್ಳೆಯ ಕಥೆ ಕೇಳಿದವರಿಗೆ ಅದನ್ನು ಇನ್ನೊಬ್ಬರಿಗೆ ಹೇಳದೆ ಹೊಟ್ಟೆ ಉಬ್ಬರ. ಆದರೆ ನೆಟ್ಟಿನಲ್ಲಿರುವವರೆಲ್ಲ ಆಗಲೇ ಓದಿಯಾಗಿದೆ. ಊರಿನಲ್ಲಿ ಕಥೆ ಕೇಳಿಲ್ಲದ ಮನುಷ್ಯ, ಎಲ್ಲರಿಗೂ ತಿಳಿದ ಮಟ್ಟಿಗೆ, ಒಬ್ಬನೇ. ಆ ಒಬ್ಬನಿಗೆ ಮೊದಲು ಹೇಳಲು ಪೈಪೋಟಿ ಬಿತ್ತು. ಬೆಂಚು ತುಂಬಿತು. ಜನ ಮಿಷನ್ನಿನ ಹಲಗೆಯ ಮೇಲೂ ಕೂತರು. ಬಂದ ತಪ್ಪಿಗೆ ಕಟಿಂಗ್ ಮಾಡಿಸಿಕೊಂಡರು. ರೇಡಿಯೋ ಬಾಯಿ ಹೊಲಿದುಕೊಂಡು ಕತ್ತರಿ ಆಡಿಸಿದ. ತಾನು ಹೆಬ್ಬೆರಳು ಬಾತುಹೋಗುವಂತೆ ಬರೆದದ್ದನ್ನು ಅವರು ಮೂಗು ಮುರಿದು, ಕಾಲು ಕತ್ತರಿಸಿ, ಕೊನೆಯನ್ನು ಮೊದಲೇ ಹೇಳಿ ಒಪ್ಪಿಸುತ್ತಿದ್ದರು. ಇವನು ಕೇಳಬೇಕು, ನಗಬೇಕು. ಇದಕ್ಕಿಂತ ಗುಂಡಿ ಹೊಲಿಯುವುದೇ ಸ್ವರ್ಗ.

ಒಂದು ದಿನ ಅಂಗಡಿ ಕಿಕ್ಕಿರಿದಿತ್ತು. ಗಡಿಯಾರದವರ ಒಂದು ಕೆನ್ನೆಯ ಮೇಲೆ ಸೋಪಿನ ನೊರೆ, ಇನ್ನೊಂದು ಕೆನ್ನೆ ನುಣ್ಣಗೆ. ಬೇಕರಿ ಅಕ್ಕ ಹೊಸ ಕಥೆ ಹೇಳಿ ಮುಗಿಸಿದ್ದಳು, ಕೆಡಿಸಿದ್ದಳು ಎಂದರೂ ಸರಿ.

"ಯಾರೋ ಮೌನಿ ಅಂತೆ, ಅವರನ್ನ ನೋಡಿ ಕಲೀಬೇಕು ಅಣ್ಣ ನೀವು," ಎಂದಳು. "ಎಷ್ಟು ಚುಟುಕು! ನೀವಾಗಿದ್ರೆ ಇಷ್ಟೊತ್ತಿಗೆ ಇಲಿಯ ಅಜ್ಜನ ಮದುವೆ ಹತ್ರ ಇರ್ತಿದ್ರಿ."

"ಮನುಷ್ಯ ಓದಿಕೊಂಡಿರಬೇಕು," ಎಂದರು ಮೇಷ್ಟ್ರು. "ಆ ಗಾಂಭೀರ್ಯ ನೋಡು! ಇವನಿಗೆಲ್ಲಿ ಬರುತ್ತೆ?"

ಹೆಂಡತಿ ಮಿಷನ್ ತುಳಿಯುತ್ತಲೇ ತಲೆಯೆತ್ತದೆ ಅಂದಳು, "ಆ ಮೌನಿಯ ಹೆಂಡ್ತಿ ಪುಣ್ಯ ಮಾಡಿದ್ಲು. ಬಾಯಿ ಮುಚ್ಕೊಂಡಿರೋ ಗಂಡ ಯಾರಿಗೆ ಸಿಗ್ತಾನೆ?"

ರೇಡಿಯೋ ಕೈಯಲ್ಲಿದ್ದ ಕತ್ತಿ ಮಡಿಸಿದ. ಅದನ್ನು ಕೆಳಗಿಟ್ಟ. ಜೀವಮಾನದಲ್ಲಿ ಹೇಳಿದ ಸುಳ್ಳುಗಳೆಲ್ಲ ಅವನ ಗಂಟಲಲ್ಲಿ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತವು, ಒಂದು ನಿಜ ಹೊರಗೆ ಬರಲೆಂದು.

"ನಾನೇ!" ಎಂದು ಕೂಗಿದ. "ಆ ಮೌನಿ ನಾನೇ ಕಣ್ರೋ! ಇಲಿ ನಂದು, ಮರಿ ನಂದು, ಎಲ್ಲಾ ನಂದೇ!"

ಮಿಷನ್ನು ನಿಂತಿತು. ಗೋಡೆಯ ಹಲ್ಲಿ ಹೌದೆಂದು ಲೊಚಗುಟ್ಟಿತು. ಆಮೇಲೆ ಮೇಷ್ಟ್ರ ಹೊಟ್ಟೆ ಮೊದಲು ಕುಣಿಯಿತು, ಅದರ ಹಿಂದೆ ಇಡೀ ಬೆಂಚು ಕುಣಿಯಿತು. ಕೊಳಾಯಿಯವನು ಕೆಳಗೆ ಬಿದ್ದ. ಬೇಕರಿ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಣ್ಣ, ಸುಳ್ಳಿಗೂ ಒಂದು ಮಿತಿ ಇರುತ್ತೆ! ರೇಡಿಯೋ ಅಂತೆ, ಮೌನಿ ಅಂತೆ!"

"ಲೋ, ನೀನು ಹೇಳಿದ್ರಲ್ಲೆಲ್ಲಾ ಇದೇ ಗಟ್ಟಿ," ಎಂದು ಮೇಷ್ಟ್ರು ಬೋಳು ತಲೆ ಬಡಿದುಕೊಂಡರು. "ಕಾಗೆ ಮಾತು ತಿನ್ನೋದನ್ನಾದ್ರೂ ನಂಬಬಹುದು."

ನಗದೇ ಇದ್ದವರು ಗಡಿಯಾರದವರು ಒಬ್ಬರೇ. ಅವರು ನೊರೆಯ ಸಮೇತ ಎರಡೂ ಕಿವಿ ಬಿಗಿಯಾಗಿ ಮುಚ್ಚಿಕೊಂಡು, ಕಣ್ಣನ್ನೂ ಮುಚ್ಚಿ ಕೂತಿದ್ದರು.

ನಗು ಇಳಿದ ಮೇಲೆ ಒಬ್ಬೊಬ್ಬರಾಗಿ ಕುತ್ತಿಗೆ ಬಗ್ಗಿಸಿದರು. ಒಬ್ಬರಿಗೊಬ್ಬರು ಮರೆಮಾಡಿಕೊಂಡು, ತುಟಿ ಕಚ್ಚಿ ನಗು ತಡೆದು, ಫೋನ್ ಒತ್ತತೊಡಗಿದರು. ಕನ್ನಡಿಯ ಪಕ್ಕದಲ್ಲಿ, ಹೆಣೆದ ಹೊದಿಕೆಯೊಳಗೆ, ಡಬ್ಬಿಯ ದೀಪ ಹುಚ್ಚು ಹಿಡಿದಂತೆ ಮಿಣುಕಿತು. ಬಂದ ದಿನದಿಂದ ರೇಡಿಯೋ ಆ ದೀಪವನ್ನು ಓದಲು ಒದ್ದಾಡಿದ್ದ. ಇವತ್ತು ಬೀಗ ತೆಗೆಯುವ ಅಗತ್ಯವೇ ಬೀಳಲಿಲ್ಲ. ಅದರೊಳಗೆ ಏನು ಹೋಗುತ್ತಿದೆ ಎಂದು ಅಕ್ಷರ ಅಕ್ಷರವೂ ಗೊತ್ತಿತ್ತು.

"ಸಾಕಾಯ್ತಪ್ಪ," ಎಂದು ಹೆಂಡತಿ ಎದ್ದಳು. "ಈ ಗದ್ದಲದಲ್ಲಿ ಸೂಜಿಗೆ ದಾರ ಏರ್ತಿಲ್ಲ. ರೀ, ಒಂದು ಕಡೆ ಹಿಡೀರಿ. ಮಿಷನ್ ಒಳಗೇ ಇರ್ಲಿ. ಕುರ್ಚಿ ಎಲ್ಲಿತ್ತೋ ಅಲ್ಲೇ ಇಡಿ."

ಇಬ್ಬರೂ ಹೊತ್ತು ಹಿಂದಿನ ಕೋಣೆಯಲ್ಲಿ ಇಳಿಸಿದರು. ಬಾಗಿಲು ಅರ್ಧ ಮುಚ್ಚಿ ಅವಳು ಮೆಲ್ಲಗೆ ಅಂದಳು, "ಆ ಹೊಲಿಗೆ ಇಲಿಗೂ ಒಂದೆರಡು ಒಳ್ಳೆ ಮಾತು ಇರಬಹುದಿತ್ತು. ಬರೀ ಕಿವಿ ಹಿಂಡೋದೇ ಕೆಲಸಾನಾ ಅವಳಿಗೆ? ಆ ಮೌನಿ ಯಾರೋ ನಂಗೆ ಗೊತ್ತಿಲ್ಲ. ಯಾರಾದ್ರೂ ಅವನಿಗೆ ಹೇಳಿದ್ರೆ ಚೆನ್ನಾಗಿತ್ತು."

ರೇಡಿಯೋ ಬಾಯಿ ತೆರೆದ. ಅವಳ ಕೈ ಅವನ ಕಿವಿಯ ಕಡೆ ಬಂತು. ಹಿಂಡುವ ಮೊದಲೇ ಬಾಯಿ ಮುಚ್ಚಿಕೊಂಡ.

ಹೊರಗೆ ಬಂದರೆ ಬಾಗಿಲಲ್ಲಿ ಹೊಸ ಗಿರಾಕಿ, ಕೆಳಗಿನ ಬೀದಿಯವನು. ಬೋಳು ಮೇಷ್ಟ್ರು ಆಗಲೇ ಅವನ ತೋಳು ಹಿಡಿದಿದ್ದರು. "ಕೇಳಿದೆಯಾ? ಈಗ ತಾನೇ ಈ ರೇಡಿಯೋ ಏನಂದ ಗೊತ್ತಾ? ಬಾಗಿಲು ಹಾಕಿ, ಕತ್ತಿ ಕೈಯಲ್ಲಿ ಹಿಡ್ಕೊಂಡು ಕುರ್ಚಿ ಮೇಲೆ ಹತ್ತಿ ನಿಂತ..."

ಬಾಗಿಲು ಯಾರೂ ಹಾಕಿರಲಿಲ್ಲ. ಕುರ್ಚಿಯ ಮೇಲೆ ಯಾರೂ ಹತ್ತಿರಲಿಲ್ಲ. ರೇಡಿಯೋ ಗಡಿಯಾರದವರ ಉಳಿದ ಕೆನ್ನೆಗೆ ಹೊಸದಾಗಿ ನೊರೆ ಹಚ್ಚುತ್ತ ಕೇಳಿದ, "ಹತ್ತಿ ನಿಂತು? ಆಮೇಲೇನಾಯ್ತು ಮೇಷ್ಟ್ರೇ?"